ಒಡಲೊಳಗಿನ ಮುಯ್ಯಾಳುಗಳು

ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿಲೋಮೀಟರ್ ದಾರಿ. ಬೆಳಗಿನ ಬಸ್ಸಿನ ಕಿಟಕಿಯಾಚೆ ಕಣ್ಣು ಹಾಯುವವರೆಗೂ ಭತ್ತದ ಗದ್ದೆ. ನಾಟಿಯ ದಿನಗಳಾದರೆ ಮೊಣಕಾಲಿನವರೆಗೆ ಸೀರೆಯನ್ನೆತ್ತಿ ಕಟ್ಟಿ, ನಡು ಬಗ್ಗಿಸಿ ಸಾಲಾಗಿ ಹಿಂದೆ ಸರಿಯುತ್ತಿರುವ ಹೆಂಗಸರು. ಬಸ್ಸಿನೊಳಗೆ ಕುಳಿತವರಲ್ಲಿಯೂ ಅವರ ಅಕ್ಕತಂಗಿಯರೇ ಹಲವರು. 2023ರ ಜೂನ್ ತಿಂಗಳಿಂದೀಚೆಗೆ ಟಿಕೀಟಿನ ಹಣ ಕೊಡಬೇಕಾಗಿಲ್ಲವಾದುದರಿಂದ ಪೇಟೆಯ ದೊಡ್ಡ ಆಸ್ಪತ್ರೆಗೆ ಹೋಗಿಬರುವುದು ಮೊದಲಿನಷ್ಟು ಭಾರವಲ್ಲ. ಆದರೂ ಆಸ್ಪತ್ರೆಯ ಬಾಗಿಲವರೆಗೆ ಬಂದ ಮಾತು ಬಾಯಿಯ ಬಾಗಿಲನ್ನು ದಾಟುವುದು ಅಷ್ಟು ಸುಲಭವಲ್ಲ.

ಅಂಥವಳೊಬ್ಬಳನ್ನು ಮನಸ್ಸಿಗೆ ತಂದುಕೊಳ್ಳಬಹುದು. ಮೂವತ್ತರ ಆಸುಪಾಸಿನ ವಯಸ್ಸು, ಎರಡು ಮಕ್ಕಳು. ಸರದಿಯಲ್ಲಿ ಎರಡು ತಾಸು ಕುಳಿತು ಒಳಗೆ ಬಂದಿದ್ದಾಳೆ.

"ಏನಾಗೇತಮ್ಮಾ?"

"ಏನಿಲ್ರೀ ಅಮ್ಮಾರೆ, ಸೊಂಟ ಹಿಡಕಂಡೈತಿ. ಕಾಲು ಸೆಳೀತಾವು."

ವೈದ್ಯೆ ನೋವಿನ ಮಾತ್ರೆಯನ್ನು ಬರೆದು ಚೀಟಿಯನ್ನು ಕೈಗಿಡುತ್ತಾಳೆ. ಆಕೆ ಎದ್ದು, ಬಾಗಿಲವರೆಗೆ ಹೋಗಿ, ಹಿಂದಿರುಗಿ ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ತಗ್ಗಿದ ದನಿಯಲ್ಲಿ ಹೇಳುತ್ತಾಳೆ: "ಮತ್ತ... ಬಿಳೀದು ಹೋಗತೈತ್ರೀ. ವಾಸನಿ ಬ್ಯಾರೆ."

ಐವತ್ತೈದು ಕಿಲೋಮೀಟರ್ ದೂರದಿಂದ ಆಕೆ ಬಂದದ್ದು ಈ ಎರಡು ವಾಕ್ಯಗಳನ್ನು ಹೇಳುವುದಕ್ಕಾಗಿಯೇ.

ಬಿಳಿಸೆರಗು, ಬಿಳುಪು, ಬಿಳಿ ಹೋಗುವುದು ಎಂದು ನಾಡಿನ ಬೇರೆಬೇರೆ ಕಡೆ ಬೇರೆಬೇರೆ ಹೆಸರು. ಆಯುರ್ವೇದದ ಗ್ರಂಥಗಳಲ್ಲಿ ಇದು ಶ್ವೇತಪ್ರದರ. ಚರಕಸಂಹಿತೆಯು ಸ್ತ್ರೀಯರ ಜನನಾಂಗಕ್ಕೆ ಸಂಬಂಧಿಸಿದ ವ್ಯಾಧಿಗಳನ್ನು ಯೋನಿವ್ಯಾಪತ್ತುಗಳೆಂದು ಕರೆದು ಇಪ್ಪತ್ತು ಬಗೆಯಾಗಿ ಎಣಿಸಿದೆ. ಎರಡು ಸಾವಿರ ವರ್ಷಗಳ ಹಿಂದಿನ ವೈದ್ಯರು ಸಂಕೋಚವಿಲ್ಲದೆ ಬರೆದಿಟ್ಟುದನ್ನು ಇಂದಿನ ಮನೆಗಳಲ್ಲಿ ಅತ್ತೆ ಸೊಸೆಗೆ, ತಾಯಿ ಮಗಳಿಗೆ ಹೇಳಲಾರಳು ಎಂಬುದು ವಿಚಿತ್ರವಾದರೂ ನಿಜ. ಹಳ್ಳಿಯ ಮಾತು ಮಾತ್ರವಲ್ಲ. ಬಳ್ಳಾರಿಯ ಗಾಂಧಿನಗರದಲ್ಲಿಯೂ ಬೆಂಗಳೂರಿನ ಬಸವನಗುಡಿಯಲ್ಲಿಯೂ ಪರಿಸ್ಥಿತಿ ಬಹಳ ಬೇರೆಯಾಗಿಲ್ಲ. ಅಲ್ಲಿ ಮೌನಕ್ಕೆ ಇಂಗ್ಲಿಷಿನ ಉಡುಪಿದೆ, ಅಷ್ಟೇ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬಿಳುಪೆಲ್ಲ ರೋಗವಲ್ಲ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು ಇರುವಂತೆ ಯೋನಿಯಲ್ಲಿಯೂ ಒಂದು ಸಹಜವಾದ ದ್ರವವಿದೆ. ತಿಂಗಳ ಚಕ್ರಕ್ಕೆ ಅನುಸಾರವಾಗಿ ಅದು ಹೆಚ್ಚುತ್ತದೆ, ತಗ್ಗುತ್ತದೆ. ಗರ್ಭ ನಿಂತಾಗ ಇನ್ನಷ್ಟು ಹೆಚ್ಚುತ್ತದೆ. ಇದರಿಂದ ಶಕ್ತಿಯೆಲ್ಲ ಸೋರಿಹೋಗುತ್ತದೆ, ಮೂಳೆ ಕರಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಗೋವೆಯಲ್ಲಿ ಡಾಕ್ಟರ್ ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು ಸಾವಿರಾರು ಸ್ತ್ರೀಯರನ್ನು ಪರೀಕ್ಷಿಸಿ 2000ದ ದಶಕದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಿಳುಪಿನ ದೂರಿಗೂ ಸೋಂಕಿಗೂ ಇರುವ ನಂಟಿಗಿಂತ ಆ ದೂರಿಗೂ ಮನಸ್ಸಿನ ಕೊರಗಿಗೂ ಇರುವ ನಂಟು ಗಾಢವೆಂದು ಕಂಡುಬಂದಿತು. ಅಂದರೆ 'ಬಿಳೀದು ಹೋಗತೈತಿ' ಎನ್ನುವ ಹೆಂಗಸಿನ ನಿದ್ರೆಯನ್ನೂ ಮನೆಯನ್ನೂ ಕುರಿತು ಎರಡು ಪ್ರಶ್ನೆ ಕೇಳುವುದು ವೈದ್ಯರ ಕರ್ತವ್ಯವೇ.

ಆದರೆ ವಾಸನೆ, ತುರಿಕೆ, ಉರಿ, ಬಣ್ಣದ ಬದಲಾವಣೆ ಇವು ಕೂಡಿದಾಗ ಅದು ಬೇರೆ ಕತೆ. ಒಡೆದ ಮೊಸರಿನ ಗರಣೆಯಂತೆ ಗಟ್ಟಿಯಾಗಿದ್ದು ತೀವ್ರವಾದ ತುರಿಕೆಯಿದ್ದರೆ ಸಾಮಾನ್ಯವಾಗಿ ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಕೆಲಸ. ಹಸುರುಮಿಶ್ರಿತ ನೊರೆಯಾಗಿದ್ದರೆ ದಾಂಪತ್ಯ ಸಂಪರ್ಕದಿಂದ ಹರಡುವ ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿಯ ಮೇಲೆ ಸಂಶಯ. ತೆಳ್ಳಗೆ, ಬೂದುಬಿಳುಪಾಗಿ, ಕೆಟ್ಟ ಮೀನಿನಂತೆ ನಾರುತ್ತಿದ್ದರೆ ಅದು ಈ ಮೂರರಲ್ಲಿ ಅತ್ಯಂತ ಸಾಮಾನ್ಯವೂ ಅತ್ಯಂತ ಜಟಿಲವೂ ಆದ ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್. ಈ ಕೊನೆಯದು ಒಂದು ರೋಗಾಣುವಿನ ದಾಳಿಯಲ್ಲ. ಒಂದು ಇಡೀ ಜನವಸತಿಯೇ ಬದಲಾಗಿಹೋಗುವ ಪ್ರಸಂಗ.

ಹೇಗೆಂಬುದನ್ನು ತಿಳಿಯಲು ಮತ್ತೆ ಸಿರುಗುಪ್ಪದ ಗದ್ದೆಗೇ ಹೋಗುವುದು ಲೇಸು.

ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸುವುದು ಪೈರಿನ ಬಾಯಾರಿಕೆಗೆ ಮಾತ್ರವಲ್ಲವೆಂಬುದು ಅಲ್ಲಿಯ ಪ್ರತಿಯೊಬ್ಬ ರೈತನಿಗೂ ತಿಳಿದ ವಿಷಯ. ನಿಂತ ನೀರಿನಲ್ಲಿ ಭತ್ತ ಬದುಕುತ್ತದೆ, ಹೆಚ್ಚಿನ ಕಳೆಗಳು ಉಸಿರುಗಟ್ಟಿ ಸಾಯುತ್ತವೆ. ಕಾಲುವೆಯ ನೀರು ನಾಲ್ಕು ದಿನ ತಪ್ಪಿ ನೆಲ ಬಾಯ್ಬಿಟ್ಟರೆ ಕಳೆ ತಲೆಯೆತ್ತುತ್ತದೆ. ಯೋನಿಯ ಗದ್ದೆಯಲ್ಲಿ ನಿಲ್ಲುವ ನೀರು ಯಾವುದೆಂದರೆ ಲ್ಯಾಕ್ಟಿಕ್ ಆಮ್ಲ, ಮೊಸರಿಗೆ ಹುಳಿಯನ್ನು ಕೊಡುವ ಅದೇ ಆಮ್ಲ. ಅದನ್ನು ತಯಾರಿಸುವ ಬ್ಯಾಕ್ಟೀರಿಯಗಳು ಲ್ಯಾಕ್ಟೋಬ್ಯಾಸಿಲಸ್ ಕುಲಕ್ಕೆ ಸೇರಿದವು. 1892ರಲ್ಲಿ ಜರ್ಮನಿಯ ಪ್ರಸೂತಿತಜ್ಞ ಆಲ್ಬರ್ಟ್ ಡೋಡರ್ಲೈನ್ ಇವನ್ನು ಮೊದಲು ವಿವರವಾಗಿ ವರ್ಣಿಸಿದನು. ಸೂಕ್ಷ್ಮಜೀವಿಯೆಂದರೆ ರೋಗವೆಂದೇ ಜಗತ್ತು ತಿಳಿದಿದ್ದ ಕಾಲದಲ್ಲಿ, ಆರೋಗ್ಯವಂತ ಸ್ತ್ರೀಯ ದೇಹದಲ್ಲಿಯೇ ಕಾವಲುಗಾರರಂತೆ ವಾಸಿಸುವ ಬ್ಯಾಕ್ಟೀರಿಯಗಳಿವೆಯೆಂದು ಹೇಳಿದುದು ಸಣ್ಣ ಸಂಗತಿಯಲ್ಲ.

ಈ ಕಾವಲುಗಾರರಿಗೆ ಊಟವನ್ನಿಕ್ಕುವವಳು ಸ್ತ್ರೀಯೇ. ಈಸ್ಟ್ರೊಜನ್ ಎಂಬ ಹಾರ್ಮೋನಿನ ಪ್ರಭಾವದಿಂದ ಯೋನಿಯ ಒಳಪದರದ ಜೀವಕೋಶಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟ ಶೇಖರವಾಗುತ್ತದೆ. ಕೋಶಗಳು ಕಳಚಿ ಬಿದ್ದಾಗ, ಜೊಲ್ಲಿನಲ್ಲಿ ಅನ್ನವನ್ನು ಸಿಹಿಯಾಗಿಸುವಂಥದೇ ಒಂದು ಕಿಣ್ವವು ಆ ಗ್ಲೈಕೋಜನನ್ನು ಸಣ್ಣ ಸಣ್ಣ ಸಕ್ಕರೆಗಳಾಗಿ ಒಡೆಯುತ್ತದೆ. ಲ್ಯಾಕ್ಟೋಬ್ಯಾಸಿಲಸ್ಸುಗಳು ಈ ಸಕ್ಕರೆಯನ್ನುಂಡು ಆಮ್ಲವನ್ನು ಹೊರಬಿಡುತ್ತವೆ. ಮಣ್ಣಿನ ಪರೀಕ್ಷೆಯ ಚೀಟಿಯಲ್ಲಿ ರಸಸಾರವೆಂದು ಬರೆದಿರುವುದನ್ನು ರೈತರು ನೋಡಿರುತ್ತಾರೆ. 7 ಎಂದರೆ ಸಮ, ಅದಕ್ಕಿಂತ ಕಡಮೆಯಾದರೆ ಹುಳಿ, ಹೆಚ್ಚಾದರೆ ಸವಳು. ಆರೋಗ್ಯವಂತ ಯೋನಿಯ ರಸಸಾರ ಸುಮಾರು 3.5ರಿಂದ 4.5. ಈ ಅಳತೆಯಲ್ಲಿ ಒಂದು ಅಂಕೆ ಏರಿತೆಂದರೆ ಹುಳಿ ಹತ್ತು ಪಾಲು ಇಳಿಯಿತೆಂದರ್ಥ. ನಾಲ್ಕರಿಂದ ಐದಕ್ಕೆ ಹೋಗುವುದು ಕಾಗದದ ಮೇಲೆ ಅಲ್ಪವಾಗಿ ತೋರಿದರೂ ಸೂಕ್ಷ್ಮಜೀವಿಗಳ ಲೋಕದಲ್ಲಿ ಅದು ಯುಗಾಂತರ.

ಬಾಲ್ಯದಲ್ಲಿಯೂ ಮುಟ್ಟು ನಿಂತ ಮೇಲೆಯೂ ಈಸ್ಟ್ರೊಜನ್ ಕಡಮೆ. ಆದ್ದರಿಂದ ಊಟವೂ ಕಡಮೆ, ಕಾವಲೂ ಕಡಮೆ. ಮುಟ್ಟಿನ ದಿನಗಳಲ್ಲಿ ಸವಳುಗುಣದ ರಕ್ತ, ದಾಂಪತ್ಯದಲ್ಲಿ ಸವಳುಗುಣದ ವೀರ್ಯ ಹುಳಿಯನ್ನು ತಾತ್ಕಾಲಿಕವಾಗಿ ತಗ್ಗಿಸುತ್ತವೆ. ಕಾವಲುಗಾರರು ಗಟ್ಟಿಯಾಗಿದ್ದರೆ ಮತ್ತೆ ಹುಳಿ ಸೇರುತ್ತದೆ.

ಕಾವಲುಗಾರರಲ್ಲಿಯೂ ಎಲ್ಲರೂ ಒಂದೇ ತೆರನಲ್ಲ. 2011ರಲ್ಲಿ ಜಾಕ್ ರಾವೆಲ್ ಮತ್ತು ಸಂಗಡಿಗರು ಉತ್ತರ ಅಮೆರಿಕದ 396 ಸ್ತ್ರೀಯರ ಸೂಕ್ಷ್ಮಜೀವಿಗಳನ್ನು ವಂಶತಂತುಗಳ ಮೂಲಕ ಗುರುತಿಸಿ, ಅವು ಐದು ಬಗೆಯ ವಸತಿಗಳಾಗಿ ವಿಂಗಡಗೊಳ್ಳುತ್ತವೆಯೆಂದು ತೋರಿಸಿದರು. ನಾಲ್ಕು ಬಗೆಗಳಲ್ಲಿ ಒಂದೊಂದು ಲ್ಯಾಕ್ಟೋಬ್ಯಾಸಿಲಸ್ಸಿನ ಯಜಮಾನಿಕೆ. ಐದನೆಯದರಲ್ಲಿ ಯಾರ ಯಜಮಾನಿಕೆಯೂ ಇಲ್ಲ. ಗಾಳಿ ಸೋಕದೆ ಬದುಕುವ ನಾನಾ ಜಾತಿಯ ಬ್ಯಾಕ್ಟೀರಿಯಗಳ ಸಂತೆ. ಕ್ರಿಸ್ಪೇಟಸ್ ಎಂಬ ಜಾತಿ ಒಳ್ಳೆಯ ಕಾವಲುಗಾರ. ಇನರ್ಸ್ ಎಂಬುದು ಹೆಸರಿಗೆ ಮಾತ್ರ ಅದೇ ಕುಲದ್ದು. ಹಗಲು ಕಾವಲು ಕಾದು ರಾತ್ರಿ ಕಳ್ಳರೊಡನೆ ಎಲೆಯಡಿಕೆ ಹಾಕುವ ಜಾತಿಯದು ಅದು. ಹುಳಿ ಇಳಿದಾಗಲೂ ಅದು ಕದಲದೆ ಉಳಿಯುತ್ತದೆ, ಹೊಸಬರೊಡನೆ ಹೊಂದಿಕೊಳ್ಳುತ್ತದೆ.

ಇಷ್ಟು ಕಾವಲಿನ ಮಾತಾಯಿತು. ಇನ್ನು ಕಳೆಗಳ ಮಾತು.

1955ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಹರ್ಮನ್ ಗಾರ್ಡ್ನರ್ ಮತ್ತು ಚಾರ್ಲ್ಸ್ ಡ್ಯೂಕ್ಸ್ ಎಂಬಿಬ್ಬರು, ಮೀನಿನ ವಾಸನೆಯ ಬಿಳುಪಿಗೆ ಕಾರಣವಾದ ಬ್ಯಾಕ್ಟೀರಿಯವು ತಮಗೆ ಸಿಕ್ಕಿತೆಂದು ಸಾರಿದರು. ಅದು ಕೆಲವು ಕಾಲ ಒಂದು ಹೆಸರಿನಿಂದ, 1963ರಿಂದ ಇನ್ನೊಂದು ಹೆಸರಿನಿಂದ ಮೆರೆದು, ಕಡೆಗೆ 1980ರಲ್ಲಿ ಗಾರ್ಡ್ನರನ ಗೌರವಾರ್ಥ ಗಾರ್ಡ್ನರೆಲ್ಲಾ ಎಂಬ ಹೆಸರನ್ನು ಪಡೆಯಿತು. ಆ ಇಬ್ಬರು ಮಾಡಿದ ಪ್ರಯೋಗ ಇಂದಿನ ಯಾವ ನೀತಿಸಮಿತಿಯೂ ಒಪ್ಪದಂಥದು. ಆರೋಗ್ಯವಂತರಾದ 13 ಮಂದಿ ಸ್ತ್ರೀಯರಿಗೆ ಈ ಬ್ಯಾಕ್ಟೀರಿಯವನ್ನು ಶುದ್ಧವಾಗಿ ಬೆಳೆಸಿ ಹಾಕಿದರು. ಒಬ್ಬಳಿಗೆ ಮಾತ್ರ ರೋಗ ಬಂದಿತು. ಇನ್ನು 15 ಮಂದಿಗೆ ರೋಗಿಯ ಸ್ರಾವವನ್ನೇ ಇದ್ದಕ್ಕಿದ್ದಂತೆ ಹಾಕಿದರು. 11 ಮಂದಿಗೆ ರೋಗ ಬಂದಿತು.

ಪ್ರಯೋಗದ ನೀತಿಯೇನೇ ಇರಲಿ, ಈ ಎರಡು ಲೆಕ್ಕಗಳಲ್ಲಿ ಅಡಗಿದ್ದ ಅರ್ಥ ಸ್ಪಷ್ಟ. ಕಳ್ಳನೊಬ್ಬನೇ ಬಂದರೆ ಮನೆ ಲೂಟಿಯಾಗದು. ಅವನ ಸಂಗಡ ಬೇರೆ ಯಾರೋ ಇರಬೇಕು. ಆದರೆ ಆ ಕಾಲದ ವೈದ್ಯಲೋಕಕ್ಕೆ ಒಂದು ರೋಗಕ್ಕೆ ಒಂದೇ ರೋಗಾಣುವೆಂಬ ಸೂತ್ರದ ಮೇಲೆ ಬಹಳ ವಿಶ್ವಾಸ. ಲೆಕ್ಕ ಕಣ್ಣೆದುರಿಗಿದ್ದರೂ ಅದರ ಅರ್ಥ ಹೊರಬರಲು ದಶಕಗಳೇ ಹಿಡಿದವು.

1997ರಲ್ಲಿ ಪೈಬಸ್ ಮತ್ತು ಆಂಡರ್ಡಾಂಕ್ ಎಂಬ ವಿಜ್ಞಾನಿಗಳು ಗಾರ್ಡ್ನರೆಲ್ಲಾವನ್ನು, ಅದರ ಸಂಗಡ ಸದಾ ಕಾಣಿಸುವ ಪ್ರಿವೊಟೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯವನ್ನು ಒಟ್ಟಿಗೆ ಬೆಳೆಸಿ ನೋಡಿದರು. ಅವರು ಕಂಡದ್ದನ್ನು ಬಳ್ಳಾರಿ ಸೀಮೆಯವರಿಗೆ ವಿವರಿಸಲು ಹೊಸ ಪದ ಬೇಡ. ಕೂಲಿಗೆ ಹಣವಿಲ್ಲದ ಸಣ್ಣ ರೈತರು ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ಹೋಗುವರಲ್ಲವೇ, ಆ ಮುಯ್ಯಾಳಿನ ಪದ್ಧತಿಯೇ ಅಲ್ಲಿ ನಡೆದಿತ್ತು. ಗಾರ್ಡ್ನರೆಲ್ಲಾ ಬೆಳೆಯುತ್ತ ಅಮೈನೋ ಆಮ್ಲಗಳನ್ನು ಹೊರಬಿಡುತ್ತದೆ. ಪ್ರಿವೊಟೆಲ್ಲಾ ಅವನ್ನು ತಿಂದು ಅಮೋನಿಯವನ್ನು ಹೊರಬಿಡುತ್ತದೆ. ಅಮೋನಿಯ ಗಾರ್ಡ್ನರೆಲ್ಲಾಕ್ಕೆ ಗೊಬ್ಬರ. ಮರುವರ್ಷ ಅದೇ ವಿಜ್ಞಾನಿಗಳು, ಪ್ರಿವೊಟೆಲ್ಲಾ ಬಿಟ್ಟ ಅಮೈನೋ ಆಮ್ಲಗಳ ಮೇಲೆ ಪೆಪ್ಟೊಸ್ಟ್ರೆಪ್ಟೊಕಾಕಸ್ ಎಂಬ ಮೂರನೆಯದೂ ಹುಲುಸಾಗುವುದನ್ನು ತೋರಿಸಿದರು. ಒಬ್ಬರ ಎಂಜಲು ಇನ್ನೊಬ್ಬರ ಊಟ. ಅಮೋನಿಯವಾದರೋ ಸವಳುಗುಣದ್ದು, ಆದ್ದರಿಂದ ಮುಯ್ಯಿ ನಡೆದಷ್ಟೂ ಗದ್ದೆಯ ಹುಳಿ ಇಳಿಯುತ್ತದೆ, ಲ್ಯಾಕ್ಟೋಬ್ಯಾಸಿಲಸ್ಸುಗಳ ಕಾಲಡಿಯ ನೆಲವೇ ಬದಲಾಗುತ್ತದೆ. ತುಂಗಭದ್ರೆಯ ನೀರಾವರಿ ಪ್ರದೇಶದಲ್ಲಿ ಬಸಿಗಾಲುವೆಯಿಲ್ಲದೆ ಸವಳಾಗಿಹೋದ ಹೊಲಗಳನ್ನು ಕಂಡವರಿಗೆ, ಒಮ್ಮೆ ಕೆಟ್ಟ ನೆಲವನ್ನು ಹಿಂದಕ್ಕೆ ತರುವುದು ಎಷ್ಟು ಕಷ್ಟವೆಂದು ಬೇರೆ ಹೇಳಬೇಕಾಗಿಲ್ಲ.

ಮುಯ್ಯಿ ಇಷ್ಟಕ್ಕೇ ನಿಲ್ಲುವುದಿಲ್ಲ. ಗರ್ಭಕಂಠದಿಂದ ಇಳಿಯುವ ಲೋಳೆ ಒಂದು ರಕ್ಷಣೆಯ ಪರದೆ. ಅದರ ತುದಿತುದಿಗೂ ಸಯಾಲಿಕ್ ಆಮ್ಲವೆಂಬ ಸಕ್ಕರೆಯ ಕುಚ್ಚು. ಗಾರ್ಡ್ನರೆಲ್ಲಾದ ಕೆಲವು ತಳಿಗಳೂ ಪ್ರಿವೊಟೆಲ್ಲಾವೂ ಸಯಾಲಿಡೇಸ್ ಎಂಬ ಕಿಣ್ವದಿಂದ ಆ ಕುಚ್ಚುಗಳನ್ನು ಕತ್ತರಿಸಿ ತಿನ್ನುತ್ತವೆ. ಲೋಳೆ ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ. ಈ ರೋಗದ ಸ್ರಾವ ತೆಳ್ಳಗಿರುವುದಕ್ಕೆ ಇದೊಂದು ಕಾರಣ. ಪರದೆ ಹರಿದ ಮೇಲೆ ಸೂಕ್ಷ್ಮಜೀವಿಗಳು ಮೇಲೇರಲು ದಾರಿ ಸುಗಮವಾಗುವುದಕ್ಕೂ ಇದೇ ಕಾರಣ.

ಇನ್ನು ವಾಸನೆ. ಹೆಂಗಸರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕುಗ್ಗಿಸುವುದು ಇದೇ. ಸೀರೆಯನ್ನು ದಿನಕ್ಕೆ ಮೂರು ಬಾರಿ ಬದಲಿಸಿದರೂ, ಬಸ್ಸಿನಲ್ಲಿ ಪಕ್ಕದವರು ಸರಿದು ಕುಳಿತಾರೆಂಬ ಅಳುಕು ಹೋಗುವುದಿಲ್ಲ. ಸಮುದ್ರದ ಮೀನು ಕೆಡುವಾಗ ಹುಟ್ಟುವ ಟ್ರೈಮಿಥೈಲಮೈನ್ ಎಂಬ ಪದಾರ್ಥವೇ ಇಲ್ಲಿಯೂ ಹುಟ್ಟುತ್ತದೆ; ಜೊತೆಗೆ ಪ್ಯುಟ್ರೆಸಿನ್, ಕಡಾವರಿನ್ ಎಂಬ ಇನ್ನೆರಡು. ಬ್ಯಾಕ್ಟೀರಿಯಗಳು ಇವನ್ನು ತಯಾರಿಸುವುದು ನಾರುವುದಕ್ಕಾಗಿಯಲ್ಲ. ಇವನ್ನು ತಯಾರಿಸುವ ಕ್ರಿಯೆಯಲ್ಲಿ ಹುಳಿಯ ಕಣಗಳು ಬಳಕೆಯಾಗಿಹೋಗುತ್ತವೆ. ಹುಳಿಯಲ್ಲಿ ಬದುಕಲು ಅವು ಕಂಡುಕೊಂಡ ಉಪಾಯವಿದು. ಉಪಾಯದ ಬೂದಿಯೇ ವಾಸನೆ. ಅಷ್ಟೇ ಅಲ್ಲದೆ ಈ ಅಮೈನುಗಳ ನಡುವೆ ಲ್ಯಾಕ್ಟೋಬ್ಯಾಸಿಲಸ್ಸುಗಳು ಬೆಳೆಯಲು ತಡವರಿಸುತ್ತವೆಯೆಂದೂ ಈಚಿನ ಪ್ರಯೋಗಗಳು ತೋರಿಸಿವೆ. ಸವಳು ಹೆಚ್ಚಿದಾಗ ಅಮೈನುಗಳು ಗಾಳಿಗೇಳುತ್ತವೆ. ಮುಟ್ಟಿನಲ್ಲಿ, ದಾಂಪತ್ಯದ ಬಳಿಕ ವಾಸನೆ ಹೆಚ್ಚುವುದು ಇದರಿಂದ. ಸಾಬೂನು ಸಹ ಸವಳುಗುಣದ್ದೆಂಬುದನ್ನು ಇಲ್ಲಿ ನೆನೆಯಬೇಕು. ವಾಸನೆ ಹೋಗಲೆಂದು ಒಳಭಾಗವನ್ನು ಸಾಬೂನಿನಿಂದಲೋ ಪೇಟೆಯಲ್ಲಿ ಸಿಕ್ಕುವ ಪರಿಮಳದ ದ್ರವಗಳಿಂದಲೋ ತೊಳೆಯುವವಳು ಇದ್ದ ಅಲ್ಪಸ್ವಲ್ಪ ಹುಳಿಯನ್ನೂ ಕಾವಲನ್ನೂ ಕೊಚ್ಚಿ ಕಳೆಯುತ್ತಾಳೆ. ಕೊಳಕಿನಿಂದ ಬಂದ ರೋಗವಿದೆಂದು ಮನೆಯವರು ಆಕೆಯನ್ನು ಹೀಗಳೆಯುತ್ತಾರೆ. ಆಕೆ ಇನ್ನಷ್ಟು ತೊಳೆಯುತ್ತಾಳೆ. ರೋಗ ಇನ್ನಷ್ಟು ಬೇರೂರುತ್ತದೆ. ಹೊರಗೆ ನೀರಿನಿಂದ ತೊಳೆದರೆ ಸಾಕು, ಒಳಭಾಗ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ.

ಮೊಸರಿನ ಮಾತು ಬಂದುದರಿಂದ ಅದನ್ನೂ ಮುಗಿಸಿಬಿಡಬಹುದು. ಹೆಪ್ಪಿನ ಬ್ಯಾಕ್ಟೀರಿಯಗಳು ಯೋನಿಯ ಕಾವಲುಗಾರರಿಗೆ ದಾಯಾದಿಗಳು ಹೊರತು ಅವರೇ ಅಲ್ಲ. ಮೊಸರುಂಡರೆ ಹೊಟ್ಟೆಗೆ ಹಿತ. ಈ ರೋಗಕ್ಕೆ ಅದು ಮದ್ದಲ್ಲ.

ಬರ್ಲಿನ್ನಿನ ಸ್ವಿಡ್ಸಿನ್ಸ್ಕಿ ಮತ್ತು ಸಂಗಡಿಗರು 2005ರಲ್ಲಿ ಮತ್ತೊಂದು ಸಂಗತಿಯನ್ನು ಬೆಳಕಿಗೆ ತಂದರು. ಈ ಬ್ಯಾಕ್ಟೀರಿಯಗಳು ದ್ರವದಲ್ಲಿ ತೇಲಾಡಿಕೊಂಡಿರುವುದಿಲ್ಲ. ಕೆರೆಯ ಕಲ್ಲಿನ ಮೇಲಿನ ಪಾಚಿಯಂತೆ ಒಳಪದರಕ್ಕೆ ದಟ್ಟವಾಗಿ ಅಂಟಿಕೊಂಡು, ತಮ್ಮದೇ ಅಂಟಿನೊಳಗೆ ಹುದುಗಿರುತ್ತವೆ. ಆ ಪಾಚಿಯ ಬಹುಪಾಲು ಗಾರ್ಡ್ನರೆಲ್ಲಾ. ಮೊದಲು ಅದು ಅಂಟಿಕೊಂಡು ನೆಲೆ ಮಾಡಿಕೊಡುತ್ತದೆ, ಬಳಿಕ ಮಿಕ್ಕವು ಬಂದು ಸೇರುತ್ತವೆ ಎಂಬುದು ಈಗ ಅನೇಕ ವಿಜ್ಞಾನಿಗಳ ಅಭಿಪ್ರಾಯ. ಮೆಟ್ರೊನಿಡಜೋಲ್ ಮಾತ್ರೆ ನುಂಗಿದಾಗ ಪಾಚಿ ಸೊರಗುತ್ತದೆ. ಔಷಧ ನಿಂತ ಕೆಲವು ದಿನಗಳಲ್ಲಿ ಬೇರಿನಿಂದ ಚಿಗುರುತ್ತದೆ.

ಈ ಮೆಟ್ರೊನಿಡಜೋಲ್ ಬಂದ ಬಗೆಯೂ ಸ್ವಾರಸ್ಯವಾದುದು. ಮೊದಲು ಅದು ಟ್ರೈಕೊಮೊನಾಸಿಗೆಂದು ಬಂದ ಔಷಧ. 1962ರಲ್ಲಿ ಇಂಗ್ಲೆಂಡಿನ ಡೇವಿಡ್ ಶಿನ್ ಎಂಬ ವೈದ್ಯನ ಬಳಿ ಆ ಔಷಧವನ್ನು ನುಂಗುತ್ತಿದ್ದ ಹೆಂಗಸೊಬ್ಬಳಿಗೆ ಬಿಳುಪಿನೊಡನೆ ಒಸಡಿನ ಹುಣ್ಣೂ ವಾಸಿಯಾಯಿತು. ಒಸಡಿನಲ್ಲಿದ್ದವು ಗಾಳಿ ಸೋಕದೆ ಬದುಕುವ ಬ್ಯಾಕ್ಟೀರಿಯಗಳು. ಅಂಥವನ್ನೂ ಈ ಔಷಧ ಕೊಲ್ಲಬಲ್ಲುದೆಂಬುದು ಹೀಗೆ ಹೊರಬಿದ್ದಿತು. 1978ರ ಹೊತ್ತಿಗೆ ನಮ್ಮ ಈ ರೋಗಕ್ಕೂ ಅದು ಮದ್ದಾಯಿತು.

ರೋಗ ಎಷ್ಟು ವ್ಯಾಪಕ? 2019ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದರ ಪ್ರಕಾರ ಹೆರುವ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 23ರಿಂದ 29 ಮಂದಿಗೆ ಇದುಂಟು. ದಕ್ಷಿಣ ಏಷ್ಯದ ಪಾಲು 29. ಕರ್ನಾಟಕದಲ್ಲಿಯೇ ನಡೆದ ಒಂದು ಒಳ್ಳೆಯ ಅಧ್ಯಯನ ಮೈಸೂರಿನದು. ಡಾಕ್ಟರ್ ಪೂರ್ಣಿಮಾ ಮಧಿವಾನನ್ ಮತ್ತು ಅವರ ಸಂಗಡಿಗರು 2005ರ ಅಕ್ಟೋಬರಿನಿಂದ 2006ರ ಡಿಸೆಂಬರಿನವರೆಗೆ 15ರಿಂದ 30 ವರ್ಷದೊಳಗಿನ 898 ಸ್ತ್ರೀಯರನ್ನು ಪರೀಕ್ಷೆಗೊಳಪಡಿಸಿದರು. ಗಾಜಿನ ಪಟ್ಟಿಯ ಮೇಲಿನ ಲೇಪನ ದೊರೆತ 863 ಮಂದಿಯಲ್ಲಿ 165 ಮಂದಿಗೆ, ಎಂದರೆ ನೂರಕ್ಕೆ 19 ಮಂದಿಗೆ ಈ ರೋಗವಿದ್ದಿತು. ಇನ್ನು 133 ಮಂದಿ ಆ ದಾರಿಯ ನಡುವೆ ಇದ್ದರು. ಇದಕ್ಕೂ ಬಹಳ ಮೊದಲು, 1989ರಲ್ಲಿ, ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳ 650 ಸ್ತ್ರೀಯರನ್ನು ಪರೀಕ್ಷಿಸಿದ ಡಾಕ್ಟರ್ ರಾಣಿ ಬಂಗ್ ಮತ್ತು ಅಭಯ್ ಬಂಗ್ ದಂಪತಿಗಳು, ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿರುವುದನ್ನೂ, ಅದುವರೆಗೆ ಪರೀಕ್ಷೆಗೆ ಒಳಗಾಗಿದ್ದವರು ನೂರಕ್ಕೆ 8 ಮಂದಿ ಮಾತ್ರವೆಂಬುದನ್ನೂ ಲೋಕಕ್ಕೆ ತಿಳಿಸಿದ್ದರು. ವೈದ್ಯಲೋಕ ಬೆಚ್ಚಿಬಿದ್ದ ವರದಿಯದು. ಈ ರೋಗ ಇದ್ದವರಲ್ಲಿಯೂ ಸುಮಾರು ಅರ್ಧದಷ್ಟು ಮಂದಿಗೆ ಯಾವ ಲಕ್ಷಣವೂ ಕಾಣಿಸದು ಎಂಬುದನ್ನು ಇದಕ್ಕೆ ಸೇರಿಸಿಕೊಳ್ಳಬೇಕು.

ವಾಸನೆಯೊಂದೇ ಆಗಿದ್ದರೆ ಸಹಿಸಿಕೊಂಡು ಹೋಗಬಹುದಿತ್ತು. ಆದರೆ ಇದು ಬಸಿರು ಬಾಣಂತನಗಳವರೆಗೂ ಕೈಚಾಚುತ್ತದೆ. ಅಮೆರಿಕದಲ್ಲಿ 10,397 ಗರ್ಭಿಣಿಯರನ್ನು ಹಿಂಬಾಲಿಸಿ ಶರೋನ್ ಹಿಲ್ಲಿಯರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ರೋಗವಿದ್ದವರಲ್ಲಿ ದಿನ ತುಂಬದೆ, ತೂಕ ಕಡಮೆಯಾಗಿ ಮಗು ಹುಟ್ಟುವ ಸಂಭವ ಸುಮಾರು 1.4 ಪಟ್ಟು ಹೆಚ್ಚೆಂದು ಕಂಡುಬಂದಿತು. ಹರಿದ ಪರದೆಯ ಮೂಲಕ ಮೇಲೇರಿದ ಬ್ಯಾಕ್ಟೀರಿಯಗಳು ಗರ್ಭದ ಪೊರೆಯ ಬಳಿ ಉರಿಯೂತವನ್ನೆಬ್ಬಿಸಿದರೆ, ನೋವು ಕಾಲಕ್ಕೆ ಮುಂಚೆಯೇ ಕಾಣಿಸಿಕೊಳ್ಳುತ್ತದೆ. ಹಾಗಾದರೆ ಗರ್ಭಿಣಿಯರೆಲ್ಲರನ್ನೂ ಪರೀಕ್ಷಿಸಿ ಔಷಧ ಕೊಟ್ಟುಬಿಟ್ಟರೆ ಮುಗಿಯಿತಲ್ಲವೇ? ಹಾಗೆಂದೇ ಎಲ್ಲರೂ ಭಾವಿಸಿದ್ದರು. 2018ರಲ್ಲಿ ಪ್ರಕಟವಾದ ಫ್ರಾನ್ಸಿನ ದೊಡ್ಡ ಪ್ರಯೋಗವೊಂದು ಆ ಆಸೆಗೆ ತಣ್ಣೀರೆರಚಿತು. ಅಪಾಯ ಕಡಮೆಯಿದ್ದ ಗರ್ಭಿಣಿಯರಿಗೆ ಮೊದಲ ತಿಂಗಳುಗಳಲ್ಲಿಯೇ ಔಷಧ ಕೊಟ್ಟರೂ ಅಕಾಲ ಪ್ರಸವಗಳ ಸಂಖ್ಯೆ ಇಳಿಯಲಿಲ್ಲ. ಕಳೆಯನ್ನು ಕಿತ್ತರೂ ಭತ್ತವನ್ನು ನೆಟ್ಟಂತಾಗದು ಎಂಬುದು ಇಲ್ಲಿಯ ತೊಡಕಿರಬಹುದು. ಆದರೆ ಲಕ್ಷಣಗಳಿರುವ ಗರ್ಭಿಣಿಗೆ ಚಿಕಿತ್ಸೆ ಕೊಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಎಚ್‌ಐವಿ ಸೋಂಕು ತಗಲುವ ಸಂಭವವೂ ಈ ರೋಗವಿದ್ದವರಲ್ಲಿ ನೂರಕ್ಕೆ ಸುಮಾರು 60ರಷ್ಟು ಹೆಚ್ಚೆಂದು 2008ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಲಾಯಿತು. ಇನ್ನು ಬಂಜೆತನ: ಗರ್ಭನಾಳ ಮುಚ್ಚಿಹೋದ ಸ್ತ್ರೀಯರಲ್ಲಿ ಇದು ಹೆಚ್ಚಾಗಿ ಕಾಣಬರುವುದು ನಿಜ. ಇದರಿಂದಲೇ ನಾಳ ಮುಚ್ಚಿತೆಂದು ಹೇಳಲು ಮಾತ್ರ ಸಾಕಷ್ಟು ಆಧಾರವಿಲ್ಲ. ಆದ್ದರಿಂದ ಬಿಳುಪಿರುವ ಸೊಸೆಗೆ ಮಕ್ಕಳಾಗುವುದಿಲ್ಲವೆಂದು ಷರಾ ಬರೆಯುವ ಅಧಿಕಾರ ಯಾವ ಅತ್ತೆಗೂ ಇಲ್ಲ.

ಇದಕ್ಕಿಂತ ಘೋರವಾದ ಒಂದು ಪರಿಣಾಮವುಂಟು. ಅದು ಬ್ಯಾಕ್ಟೀರಿಯದಿಂದ ಬಂದುದಲ್ಲ, ಮನುಷ್ಯರಿಂದ ಬಂದುದು. ಬಿಳುಪು, ಕಿಬ್ಬೊಟ್ಟೆಯ ನೋವು ಎಂದು ಬಂದ ಹೆಂಗಸರಿಗೆ 'ಗರ್ಭಕೋಶ ಕೆಟ್ಟಿದೆ, ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ' ಎಂದು ಹೆದರಿಸಿ ಶಸ್ತ್ರಚಿಕಿತ್ಸೆ ಮಾಡಿದ ಪ್ರಕರಣಗಳು 2015ರಲ್ಲಿ ಕಲಬುರಗಿ ಜಿಲ್ಲೆಯಿಂದ ಹೊರಬಂದು ರಾಜ್ಯದಲ್ಲೆಲ್ಲ ಸುದ್ದಿಯಾದವು. ಲಂಬಾಣಿ ತಾಂಡಾಗಳ ಹಾಗೂ ದಲಿತ ಕೇರಿಗಳ ಬಡ ಹೆಂಗಸರೇ ಅವರಲ್ಲಿ ಹೆಚ್ಚು. ಬೇರೆ ರಾಜ್ಯಗಳಿಂದಲೂ ಇಂಥ ದೂರುಗಳು ಬಂದು, 2023ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗಾಗಿ ಅಂಗೀಕರಿಸಬೇಕೆಂದು ಆಜ್ಞಾಪಿಸಿತು. ಮೇಲೆ ಹೇಳಿದ ಮುಯ್ಯಿಯೆಲ್ಲ ನಡೆಯುವುದು ಯೋನಿಯಲ್ಲಿ; ಗರ್ಭಕೋಶದಲ್ಲಲ್ಲ. ಗರ್ಭಕೋಶವನ್ನು ತೆಗೆದರೂ ಪಾಚಿ ಇದ್ದಲ್ಲಿಯೇ ಇರುತ್ತದೆ. ಗದ್ದೆಯಲ್ಲಿ ಕಳೆಯಿದೆಯೆಂದು ಮನೆಯ ಕಣಜವನ್ನು ಕೆಡವಿದಂತೆ!

ರೋಗವನ್ನು ಗುರುತಿಸಲು ದೊಡ್ಡ ಯಂತ್ರಗಳು ಬೇಕಾಗಿಲ್ಲ. 1983ರಲ್ಲಿ ಆಮ್ಸೆಲ್ ಎಂಬವನು ಗೊತ್ತುಮಾಡಿದ ನಾಲ್ಕು ಲಕ್ಷಣಗಳಲ್ಲಿ ಮೂರಿದ್ದರೆ ಸಾಕು: ತೆಳ್ಳನೆಯ ಏಕರೂಪದ ಸ್ರಾವ, 4.5ಕ್ಕಿಂತ ಮೇಲಿನ ರಸಸಾರ, ಪೊಟ್ಯಾಶಿನ ತೊಟ್ಟು ಬಿದ್ದೊಡನೆ ಏಳುವ ಮೀನಿನ ವಾಸನೆ, ಸೂಕ್ಷ್ಮದರ್ಶಕದಡಿ ಅಂಚೇ ಕಾಣದಂತೆ ಬ್ಯಾಕ್ಟೀರಿಯಗಳಿಂದ ಮುಚ್ಚಿಹೋದ ಜೀವಕೋಶಗಳು. ಬಣ್ಣ ಬದಲಿಸುವ ಒಂದು ಕಾಗದದ ಚೂರು, ಒಂದು ಗಾಜಿನ ಪಟ್ಟಿ, ಒಂದು ಸೂಕ್ಷ್ಮದರ್ಶಕ. ಬಳ್ಳಾರಿಯಲ್ಲಿ 1961ರಿಂದ ವೈದ್ಯಕೀಯ ಕಾಲೇಜಿದೆ. ದೊಡ್ಡ ಬಸವೇಶ್ವರನ ಕುರುಗೋಡು ಈಗ ತಾಲ್ಲೂಕು ಕೇಂದ್ರ. ಆದರೆ ಪರೀಕ್ಷಿಸುವ ಕೈಗಳೂ ಪರೀಕ್ಷೆಗೆ ಒಪ್ಪುವ ಧೈರ್ಯವೂ ಎಲ್ಲೆಡೆ ಇಲ್ಲದುದರಿಂದ, ಲಕ್ಷಣಗಳನ್ನು ನೋಡಿಯೇ ಔಷಧ ಕೊಡುವ ಪದ್ಧತಿಯನ್ನು ಸರ್ಕಾರ ಬಳಕೆಗೆ ತಂದಿತು. ಬಿಳುಪಿಗೆ ಹಸುರು ಪೊಟ್ಟಣ. ಅದರೊಳಗೆ ಸೆಕ್ನಿಡಜೋಲ್ ಮತ್ತು ಫ್ಲೂಕೊನಜೋಲ್. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಇದು ದುಡ್ಡಿಲ್ಲದೆ ದೊರೆಯುತ್ತದೆ. ಹೇಳದೆ ಹಿಂದಿರುಗುವುದಕ್ಕಿಂತ ಇದು ನೂರು ಪಾಲು ಮೇಲು. ಆದರೆ ಪೊಟ್ಟಣಕ್ಕೆ ಮೂಗಿಲ್ಲ, ಕಣ್ಣಿಲ್ಲ. ಸಹಜವಾದ ಬಿಳುಪಿಗೂ ಮನಸ್ಸಿನ ಕೊರಗಿಗೂ ಅದೇ ಮಾತ್ರೆ ಬೀಳುತ್ತದೆ.

ಔಷಧ ಫಲಿಸುತ್ತದೆ, ರೋಗ ಮರಳುತ್ತದೆ: ಇದು ಈ ರೋಗದ ಹಣೆಬರಹ. ಆಸ್ಟ್ರೇಲಿಯದ ಕ್ಯಾಟ್ರಿಯೋನಾ ಬ್ರ್ಯಾಡ್‌ಷಾ ಅವರ 2006ರ ಅಧ್ಯಯನದಲ್ಲಿ ವರ್ಷ ತುಂಬುವುದರೊಳಗೆ ನೂರಕ್ಕೆ 58 ಮಂದಿಗೆ ಅದು ಮರಳಿತ್ತು. ಕಳೆ ಕಿತ್ತ ಮೇಲೆ ಭತ್ತವನ್ನೂ ನೆಟ್ಟರೆ ಹೇಗೆಂದು 2020ರಲ್ಲಿ ಅಮೆರಿಕದಲ್ಲಿ 228 ಮಂದಿಯಲ್ಲಿ ಪ್ರಯೋಗ ನಡೆಯಿತು. ಔಷಧದ ಬಳಿಕ ಕ್ರಿಸ್ಪೇಟಸ್ ಬ್ಯಾಕ್ಟೀರಿಯವನ್ನು ಪುಡಿಯಾಗಿ ಒಳಗಿಟ್ಟವರಲ್ಲಿ ಮೂರು ತಿಂಗಳೊಳಗೆ ನೂರಕ್ಕೆ 30 ಮಂದಿಗೆ ಮರಳಿತು; ಬರಿಯ ಪುಡಿಯನ್ನಿಟ್ಟವರಲ್ಲಿ 45 ಮಂದಿಗೆ.

ಆದರೆ ಇದುವರೆಗಿನ ಸಂಶೋಧನೆಗಳಲ್ಲಿ ಮನೆಮಾತಾಗಬೇಕಾದುದು 2025ರ ಮಾರ್ಚಿಯಲ್ಲಿ ಪ್ರಕಟವಾದದ್ದು. ಮತ್ತೆ ಬ್ರ್ಯಾಡ್‌ಷಾ ಅವರ ತಂಡದ್ದೇ. ರೋಗವಿದ್ದ ಸ್ತ್ರೀಯರ ಪೈಕಿ ಕೆಲವರ ಗಂಡಂದಿರಿಗೂ ಏಳು ದಿನ ಮೆಟ್ರೊನಿಡಜೋಲ್ ಮಾತ್ರೆಯನ್ನೂ, ಶಿಶ್ನದ ಚರ್ಮಕ್ಕೆ ಹಚ್ಚಲು ಕ್ಲಿಂಡಮೈಸಿನ್ ಮುಲಾಮನ್ನೂ ಕೊಟ್ಟರು. ಹೆಂಡತಿಗೆ ಮಾತ್ರ ಚಿಕಿತ್ಸೆಯಾದ ಜೋಡಿಗಳಲ್ಲಿ ಹನ್ನೆರಡು ವಾರಗಳೊಳಗೆ ನೂರಕ್ಕೆ 63 ಮಂದಿಗೆ ರೋಗ ಮರಳಿದರೆ, ಇಬ್ಬರಿಗೂ ಚಿಕಿತ್ಸೆಯಾದಲ್ಲಿ 35 ಮಂದಿಗೆ ಮಾತ್ರ ಮರಳಿತು. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ಗಂಡಸಿಗೆ ನೋವಿಲ್ಲ, ವಾಸನೆಯಿಲ್ಲ, ಏನೂ ತಿಳಿಯುವುದಿಲ್ಲ. ಆದರೆ ಕಳೆಯ ಬೀಜ ಅವನ ಬಳಿಯೂ ಇರುತ್ತದೆ. ಇದರಲ್ಲಿ ಶೀಲದ ಶಂಕೆಗೆ ಎಡೆಯಿಲ್ಲ. ಪ್ರಯೋಗಕ್ಕೆ ಬಂದವರೆಲ್ಲ ಪರಸ್ಪರರಲ್ಲಿಯೇ ನಿಂತ ಜೋಡಿಗಳು. ಇಷ್ಟು ಕಾಲ ಹೆಂಗಸೊಬ್ಬಳೇ ಹೊತ್ತ ಅಪವಾದ ಅರ್ಧಕ್ಕಾದರೂ ಇಳಿಯಬೇಕಾದ ಸಮಯವಿದು.

ಸಿರುಗುಪ್ಪದಿಂದ ಬಂದಾಕೆ ಇನ್ನೂ ಬಾಗಿಲಲ್ಲಿಯೇ ನಿಂತಿದ್ದಾಳೆ. ವೈದ್ಯೆ ಬರೆದ ಚೀಟಿಯನ್ನು ಹಿಂದಕ್ಕೆ ಪಡೆದು, ಪಕ್ಕದ ಕುರ್ಚಿಯನ್ನು ತೋರಿಸಿ, ಪರದೆಯನ್ನು ಎಳೆಯುತ್ತಾಳೆ. ಪರೀಕ್ಷೆಗೆ ಹತ್ತು ನಿಮಿಷವೂ ಹಿಡಿಯುವುದಿಲ್ಲ. ಹೊಸ ಚೀಟಿಯನ್ನು ಬರೆಯುವ ಮುನ್ನ ಕೇಳುತ್ತಾಳೆ:

"ಯಜಮಾನ್ರು ಬಂದಾರೇನಮ್ಮಾ?"

"ಬಂದಾರ್ರೀ. ಹೊರಗ ಗಿಡದ ನೆಳ್ಳಾಗ ಕುಂತಾರ."

"ಒಳಗ ಕರಿ."